ಒಲೆ, ಪೆಟ್ರೋಲ್ ಮತ್ತು ವಿಲ್ಬರ್ಟನ ಮೂಗು

ವಿಲ್ಬರ್ಟ್ ಕೆರಾನೆನ್ ಯಾವ ಯಂತ್ರವನ್ನಾದರೂ ಮೊದಲು ಮೂಸುತ್ತಿದ್ದ, ಆಮೇಲೆ ಮುಟ್ಟುತ್ತಿದ್ದ. ಹಿಮ ಎಸೆಯುವ ಯಂತ್ರವಾಗಲಿ, ಮರ ಕೊಯ್ಯುವ ಗರಗಸವಾಗಲಿ, ಕರೆಂಟ್ ಹೋದಾಗ ಓಡಿಸುವ ಜನರೇಟರ್ ಆಗಲಿ, ತಂದವರು ಅದರ ಕಷ್ಟ ಹೇಳಿಕೊಳ್ಳುತ್ತಿರುವಾಗಲೇ ಅವನು ಟ್ಯಾಂಕಿನ ಮುಚ್ಚಳ ತಿರುಗಿಸಿ, ಅದರ ಬಾಯಿಗೆ ಮೂಗು ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆಯುತ್ತಿದ್ದ. ಕಳೆದ ವರ್ಷದ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತದೆ. ಹಾಗಿದ್ದರೆ ಅಷ್ಟನ್ನೂ ಚೆಲ್ಲಿ ಕಾರ್ಬೊರೇಟರ್ ತೊಳೆಯಬೇಕು. ಟ್ಯಾಂಕಿನ ನಂತರ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು. ಬಿಚ್ಚಿದ ಪ್ಲಗ್ಗು ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಹಾರುತ್ತಿಲ್ಲ ಎಂದರ್ಥ. ಒಣಗಿದ್ದು, ಏನೂ ವಾಸನೆ ಇಲ್ಲದಿದ್ದರೆ ಪೆಟ್ರೋಲ್ ಮೇಲಕ್ಕೆ ಬರುತ್ತಿಲ್ಲ. ಇಷ್ಟನ್ನು ಪುಸ್ತಕ ಓದಿಯೂ ತಿಳಿಯಬಹುದು. ಆದರೆ ವಿಲ್ಬರ್ಟನಿಗೆ ಪುಸ್ತಕದ ತಾಳ್ಮೆ ಇರಲಿಲ್ಲ, ಮೂಗಿತ್ತು. ಊರಿನವರು ಅದನ್ನೇ ಆಡಿಕೊಳ್ಳುತ್ತಿದ್ದರು. ಯಂತ್ರ ಕೆಟ್ಟವರಿಗೆ, 'ಹೋಗಿ ವಿಲ್ಬರ್ಟನ ಮೂಗಿಗೆ ತೋರಿಸು' ಎನ್ನುವುದು ವಾಡಿಕೆಯಾಗಿತ್ತು.

ಸುಪೀರಿಯರ್ ಸರೋವರದ ಈ ದಡದಲ್ಲಿ ಅಕ್ಟೋಬರ್ ಕೊನೆಗೆ ಶುರುವಾದ ಹಿಮ ಏಪ್ರಿಲ್ ತನಕ ಬಿಡುವುದಿಲ್ಲ. ಹಿಮ ಎಸೆಯುವ ಯಂತ್ರ ಕೆಟ್ಟು ಎರಡು ದಿನ ಕಳೆದರೆ ಮನೆಯ ಬಾಗಿಲು ತೆರೆಯುವುದಿಲ್ಲ. ಮರದ ಕಾರ್ಖಾನೆ ಮುಚ್ಚಿದ ಮೇಲೆ ವಿಲ್ಬರ್ಟ್ ಮನೆಯಲ್ಲೇ ಈ ಸಣ್ಣ ಎಂಜಿನ್‌ಗಳ ಕೆಲಸಕ್ಕೆ ಕೂತ. ನಾನು ಅವನ ಎದುರು ಮನೆಯವಳು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾಗಿ ಬಹಳ ಕಾಲವಾಯಿತು. ಅವನ ಹೆಂಡತಿ ಸೆಲ್ಮಾ ದಿನಕ್ಕೊಮ್ಮೆ ರಸ್ತೆ ದಾಟಿ ನನ್ನ ಅಡುಗೆಮನೆಗೆ ಬರುತ್ತಾಳೆ. ಇಲ್ಲಿ ಬರೆದದ್ದರಲ್ಲಿ ಅರ್ಧ ಅವಳು ಹೇಳಿದ್ದು, ಉಳಿದರ್ಧ ನಾನು ಕಂಡದ್ದು.

ವಿಲ್ಬರ್ಟನ ಕೆಲಸದ ಕೋಣೆಗೆ ಒಂದು ವಿಶೇಷವಿತ್ತು. ಇಲ್ಲಿ ನೆಲೆಸಿದ ಫಿನ್ನಿಷ್ ವಂಶದವರ ಮನೆಗಳಲ್ಲಿ ಹಿತ್ತಲಿನಲ್ಲೊಂದು ಹಬೆಮನೆ ಇದ್ದೇ ಇರುತ್ತದೆ. ಬುಧವಾರ, ಶನಿವಾರ ಅದರ ಒಲೆಗೆ ಉರಿ ಹಾಕಿ, ಕಾದ ಕಲ್ಲಿನ ಮೇಲೆ ನೀರೆರಚಿ, ಮನೆಮಂದಿ ಹಬೆಯಲ್ಲಿ ಕೂತು ಬೆವರುತ್ತಾರೆ. ಇದಕ್ಕೆ ಸೌನಾ ಎಂದು ಹೆಸರು. ವಿಲ್ಬರ್ಟ್ ತನ್ನ ಕೋಣೆಯನ್ನು ಸೌನಾದ ಬೆನ್ನಿಗೆ ಕಟ್ಟಿದ್ದ. ಒಲೆ ಇರುವುದು ಆಚೆ, ಸೌನಾದ ಒಳಗೆ. ಅದು ಒರಗಿದ್ದ ದಪ್ಪ ಇಟ್ಟಿಗೆ ಗೋಡೆ ಕಾದು ಈಚೆಯ ಕೋಣೆ ಬೆಚ್ಚಗಾಗುತ್ತಿತ್ತು. ಪೆಟ್ರೋಲ್ ಇರುವಲ್ಲಿ ಬೆಂಕಿ ಬೇಡ, ಬೆಂಕಿ ಇರುವಲ್ಲಿ ಪೆಟ್ರೋಲ್ ಬೇಡ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಬುಧವಾರದ ಗೋಡೆ ಗುರುವಾರ ಮಧ್ಯಾಹ್ನದವರೆಗೆ ಬೆಚ್ಚಗಿರುತ್ತಿತ್ತು, ಶನಿವಾರದ್ದು ಭಾನುವಾರದವರೆಗೆ. ಉಳಿದ ದಿನ ಅವನು ಉಣ್ಣೆಯ ಕೈಗವಸಿನ ಬೆರಳ ತುದಿ ಕತ್ತರಿಸಿ ಹಾಕಿಕೊಂಡು ಕೆಲಸ ಮಾಡುತ್ತಿದ್ದ.

ಹೋದ ವರ್ಷ ಅದು ಸಾಧ್ಯವಾಗಲಿಲ್ಲ. ಚಳಿಗೆ ಬೆರಳುಗಳು ಬಿಳಿಚಿಕೊಂಡು ಮರಗಟ್ಟಿ, ಕಾರ್ಬೊರೇಟರಿನ ಸಣ್ಣ ಸ್ಕ್ರೂಗಳು ಹಿಡಿತಕ್ಕೆ ಸಿಗದೆ ಉದುರತೊಡಗಿದವು. ಈ ಸಲ ಅಕ್ಟೋಬರ್‌ನಲ್ಲಿ ಅವನು ಒಂದು ಹಳೆಯ ಕಬ್ಬಿಣದ ಒಲೆ ತಂದು ಕೋಣೆಯ ಒಳಗೇ ಹೂಡಿದ. ಅದರ ಕೊಳವೆಯನ್ನು ಗೋಡೆಯಲ್ಲಿ ತೂತು ಮಾಡಿ ಹೊರಕ್ಕೆ ಬಿಟ್ಟ.

"ಒಳಗೆ ಉರಿ ಹಾಕೋನು ಮೂರ್ಖ ಅಂತ ಇಷ್ಟು ವರ್ಷ ಹೇಳ್ದೋನು ನೀನೇ ಅಲ್ವಾ?" ಎಂದು ಸೆಲ್ಮಾ ಕೇಳಿದಳು.

"ಅವರಿಗೆಲ್ಲ ಹೇಳ್ದೆ. ಅವರಿಗೆ ಈ ಮೂಗಿಲ್ಲ," ಎಂದ ವಿಲ್ಬರ್ಟ್. "ಒಂದು ತೊಟ್ಟು ಪೆಟ್ರೋಲ್ ಸೋರಿದ್ರೂ ಬೆಂಕಿಗಿಂತ ಮುಂಚೆ ನನಗೆ ಗೊತ್ತಾಗುತ್ತೆ. ನೀನು ಸುಮ್ನೆ ಒಳಗೆ ಹೋಗಿ ಕಾಫಿ ಇಡು."

ಅವನ ಮಾತು ಸುಳ್ಳೇನಲ್ಲ. ಅಕ್ಟೋಬರ್‌ನಲ್ಲಿ ಅದು ನಿಜವೇ ಆಗಿತ್ತು.

ನವೆಂಬರ್‌ನಲ್ಲಿ ಊರಿಗೆಲ್ಲ ಜ್ವರ ಬಂತು. ಅವನಿಗೂ ಬಂತು. ಒಂದು ವಾರ ಮಲಗಿದ್ದು ಎದ್ದ. ಕೆಮ್ಮು ಹೋಯಿತು, ಹಸಿವು ಮರಳಿತು. ಆದರೆ ಊಟದ ಮೇಜಿನ ಮೇಲೆ ಏನಿಟ್ಟರೂ ಮಾತಿಲ್ಲದೆ ತಿನ್ನತೊಡಗಿದ. ಉಪ್ಪನ್ನು ಮಾತ್ರ ಮೇಲಿಂದ ಮೇಲೆ ಹಾಕಿಕೊಳ್ಳುತ್ತಿದ್ದ. ಸೆಲ್ಮಾ ಅದನ್ನು ಜ್ವರದ ಸುಸ್ತು ಎಂದುಕೊಂಡಳು.

ಡಿಸೆಂಬರ್‌ನಲ್ಲಿ ರಾಯ್ ಪೆಲ್ತೋ ತನ್ನ ಹಿಮ ಎಸೆಯುವ ಯಂತ್ರ ತಂದ. ರಾಯ್ ಊರಿನ ಅಗ್ನಿಶಾಮಕ ಸ್ವಯಂಸೇವಕರಲ್ಲೊಬ್ಬ, ವಿಲ್ಬರ್ಟನ ಮೀನು ಹಿಡಿಯುವ ಜೊತೆಗಾರ, ನನ್ನ ಹಳೆಯ ವಿದ್ಯಾರ್ಥಿ, ಪರೀಕ್ಷೆಯಲ್ಲಿ ಯಾವತ್ತೂ ಮುಂದಿರದಿದ್ದವನು. ವಿಲ್ಬರ್ಟ್ ಟ್ಯಾಂಕಿನ ಮುಚ್ಚಳ ತೆಗೆದು ಎಂದಿನಂತೆ ಮೂಸಿ, "ಪೆಟ್ರೋಲ್ ಚೆನ್ನಾಗಿದೆ. ಪ್ಲಗ್ಗಿನ ದೋಷ," ಎಂದು ಹೊಸ ಪ್ಲಗ್ಗು ಹಾಕಿ ಕೊಟ್ಟ. ಮರುದಿನ ಯಂತ್ರ ರಾಯ್‌ನ ಅಂಗಳದ ನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ರಾಯ್ ಅದನ್ನು ಮತ್ತೆ ತಂದ. ಆಗ ನಾನೂ ಅಲ್ಲಿದ್ದೆ.

"ಹೋದ ವರ್ಷದ್ದು ಕಣೋ ಇದು, ವಾರ್ನಿಷ್ ಥರ ನಾರ್ತಿದೆ. ನನ್ನಂಥೋನಿಗೇ ಗೊತ್ತಾಯ್ತು," ಎಂದ ರಾಯ್. "ನಿನ್ನ ಮೂಗೇನು ಪಿಂಚಣಿ ತಗೊಂಡ್ಬಿಡ್ತಾ?"

"ನಿನ್ನ ಕೋಟಿನ ನಾತದಲ್ಲಿ ಪೆಟ್ರೋಲ್ ಎಲ್ಲಿ ಗೊತ್ತಾಗುತ್ತೆ?" ಎಂದ ವಿಲ್ಬರ್ಟ್.

ಇಬ್ಬರೂ ನಕ್ಕರು. ಟ್ಯಾಂಕ್ ಖಾಲಿ ಮಾಡಲು ಯಂತ್ರವನ್ನು ಹೊರಗೆ ತಳ್ಳುವ ಮೊದಲೇ ವಿಲ್ಬರ್ಟನ ಕಿವಿ ಕೆಂಪಾಗಿತ್ತು. ಚಳಿಗೆ ಕೆಂಪಾಗಿದೆ ಎನ್ನುವಂತಿರಲಿಲ್ಲ, ಒಳಗೆ ಒಲೆ ಉರಿಯುತ್ತಿತ್ತು.

ಸೆಲ್ಮಾಗೆ ವಿಷಯ ತಿಳಿದದ್ದು ಸೌನಾದಲ್ಲಿ. ಇಲ್ಲಿಯವರು ಬೇಸಿಗೆಯಲ್ಲಿ ಬರ್ಚ್ ಮರದ ಎಳೆ ಕೊಂಬೆಗಳನ್ನು ಎಲೆಸಮೇತ ಕಟ್ಟಿ ಫ್ರೀಜರ್‌ನಲ್ಲಿ ಇಡುತ್ತಾರೆ. ಚಳಿಗಾಲದಲ್ಲಿ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಹಬೆಯಲ್ಲಿ ಕೂತು ಬೆನ್ನಿಗೆ, ತೋಳಿಗೆ ಬಡಿದುಕೊಳ್ಳುತ್ತಾರೆ. ಆಗ ಹಸಿ ಎಲೆಯ ವಾಸನೆ ಕೋಣೆ ತುಂಬುತ್ತದೆ. ಆ ವಾಸನೆ ಏಳುತ್ತಲೇ ವಿಲ್ಬರ್ಟ್, "ಬಂತು ನೋಡು ಜೂನ್ ತಿಂಗಳು," ಎನ್ನುವುದು ಮದುವೆಯಾದ ವರ್ಷದಿಂದ ನಡೆದುಬಂದ ಮಾತು. ಕ್ರಿಸ್‌ಮಸ್ ಹಿಂದಿನ ಶನಿವಾರ ಸೆಲ್ಮಾ ಫ್ರೀಜರ್‌ನಿಂದ ಒಂದು ಕಟ್ಟು ತಂದು ನೆನೆಸಿದಳು. ಅದರ ಚೀಲ ಎಲ್ಲೋ ಹರಿದು, ಪಕ್ಕದಲ್ಲಿದ್ದ ಹೆರಿಂಗ್ ಮೀನಿನ ರಸ ತಿಂಗಳುಗಟ್ಟಲೆ ಎಲೆಗಳಿಗೆ ಇಳಿದಿತ್ತು. ಬಿಸಿ ತಾಗುತ್ತಲೇ ಎದ್ದ ನಾತಕ್ಕೆ ಅವಳು ಟವೆಲ್‌ನಿಂದ ಬಾಯಿ, ಮೂಗು ಮುಚ್ಚಿಕೊಂಡಳು. ಕ್ಷಮೆ ಕೇಳಬೇಕು ಎನ್ನುವಷ್ಟರಲ್ಲಿ ಮೇಲಿನ ಹಲಗೆಯಲ್ಲಿ ಕೂತಿದ್ದ ವಿಲ್ಬರ್ಟ್ ಆ ಕಟ್ಟಿನಿಂದ ಹೆಗಲಿಗೆ ಬಡಿದುಕೊಂಡು, ದೀರ್ಘವಾಗಿ ಉಸಿರೆಳೆದು, "ಬಂತು ನೋಡು ಜೂನ್ ತಿಂಗಳು," ಎಂದ.

ಮರುದಿನ ಸೆಲ್ಮಾ ನನ್ನ ಅಡುಗೆಮನೆಯಲ್ಲಿ ಕೂತು ಇದನ್ನು ಹೇಳಿದಳು.

"ಮೂಗು ಹೋಗಿದೆ ಅವನಿಗೆ. ಪೂರ್ತಿ ಹೋಗಿದೆ. ಆ ಕೋಣೇಲಿ ದಿನಾ ಒಲೆ ಉರಿಸ್ತಾ ಕೂತ್ಕೋತಾನೆ."

"ಅವನನ್ನೇ ಕೇಳು," ಎಂದೆ.

"ಕೇಳಿದ್ರೆ ಇಲ್ಲ ಅಂತಾನೆ. ಇಲ್ಲ ಅಂದ್ಮೇಲೆ ಅದನ್ನ ಸಾಧಿಸೋಕೆ ಇನ್ನೊಂದು ಸೌದೆ ಜಾಸ್ತಿ ಹಾಕ್ತಾನೆ. ನಿಮಗೆ ಗೊತ್ತಲ್ಲ ಅವನು."

ನನಗೆ ಗೊತ್ತಿತ್ತು. ಈ ಊರಿನ ಗಂಡಸರು ಗರಗಸಕ್ಕೆ ಬೆರಳು ಕೊಟ್ಟದ್ದನ್ನು ಕಥೆ ಮಾಡಿ ಹೇಳುತ್ತಾರೆ. ಕಾಣದ ಊನವನ್ನು ಮಾತ್ರ ಹೇಳುವುದಿಲ್ಲ. ಮೂಗು ಹೋಯಿತೆಂದು ಒಪ್ಪಿದರೆ ಒಲೆ ಹೋಗುತ್ತದೆ, ಒಲೆ ಹೋದರೆ ಬೆರಳು ಆಡುವುದಿಲ್ಲ, ಬೆರಳು ಆಡದಿದ್ದರೆ ಕೆಲಸವಿಲ್ಲ. ಈ ಲೆಕ್ಕವನ್ನು ವಿಲ್ಬರ್ಟ್ ನವೆಂಬರ್‌ನಲ್ಲೇ ಮಾಡಿ ಮುಗಿಸಿದ್ದ ಎಂದು ಈಗ ಅನ್ನಿಸುತ್ತದೆ.

ಅಂದಿನಿಂದ ಸೆಲ್ಮಾ ಆ ಕೋಣೆಗೆ ಕಾಫಿ ಒಯ್ಯತೊಡಗಿದಳು. ಮೊದಲು ಬೆಳಿಗ್ಗೆ ಒಂದು ಸಲ ಒಯ್ಯುತ್ತಿದ್ದವಳು ಈಗ ಗಂಟೆಗೊಮ್ಮೆ ಹೊರಡುತ್ತಿದ್ದಳು. ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತು ಒಮ್ಮೆ ಉಸಿರೆಳೆಯುತ್ತಿದ್ದಳು. ಒಲೆಯ ಹೊಗೆ, ಗ್ರೀಸು, ಒದ್ದೆ ರಬ್ಬರು, ಇಷ್ಟೇ ಇದ್ದರೆ ಕಪ್ಪು ಇಟ್ಟು ಬರುತ್ತಿದ್ದಳು. ವಾಪಸ್ ಬಂದು ಅಡುಗೆಮನೆಯ ಕಿಟಕಿಯ ಬಳಿ ನಿಂತು ಆ ಕೋಣೆಯ ಕೊಳವೆಯ ಹೊಗೆಯನ್ನು ನೋಡುತ್ತಿದ್ದಳು. ಬ್ರೆಡ್ ನಾದುವಾಗಲೂ ಅವಳ ಮುಖ ಕಿಟಕಿಯ ಕಡೆಗೇ ಇರುತ್ತಿತ್ತು. ಹೊಗೆ ಕಪ್ಪಗಾದರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗುತ್ತಿದ್ದಳು, ಹೊಗೆ ನಿಂತರೂ ಹೋಗುತ್ತಿದ್ದಳು.

"ನನ್ನನ್ನ ಕಾಫಿಲಿ ಮುಳುಗಿಸಿ ಸಾಯ್ಸೋ ಯೋಚನೆ ಇದೆಯಾ?" ಎಂದು ವಿಲ್ಬರ್ಟ್ ಒಂದು ದಿನ ಕೇಳಿದ.

"ಬೇರೆ ಥರ ಸಾಯೋದಕ್ಕಿಂತ ವಾಸಿ," ಎಂದಳು ಸೆಲ್ಮಾ.

ಅವನು ಕಪ್ಪನ್ನು ಪಕ್ಕಕ್ಕೆ ಸರಿಸಿ, ಮತ್ತೆ ಸ್ಕ್ರೂ ತಿರುಗಿಸತೊಡಗಿದನಂತೆ.

ಜನವರಿಯ ಒಂದು ಸೋಮವಾರ ಚಳಿ ಸೊನ್ನೆಗಿಂತ ಬಹಳ ಕೆಳಗೆ ಇಳಿದಿತ್ತು. ಸೌನಾದ ಗೋಡೆ ತಣ್ಣಗಿತ್ತು, ಆದ್ದರಿಂದ ಕಬ್ಬಿಣದ ಒಲೆ ಬೆಳಿಗ್ಗೆಯಿಂದಲೇ ಉರಿಯುತ್ತಿತ್ತು. ರಾಯ್ ತನ್ನ ಅದೇ ಯಂತ್ರವನ್ನು ಟ್ರಕ್ಕಿನಲ್ಲಿ ತಂದು ಒಳಗೆ ತಳ್ಳಿದ. ಹಗ್ಗ ಎಷ್ಟೆಳೆದರೂ ಅದು ಹೂಂ ಅನ್ನುತ್ತಿರಲಿಲ್ಲ. ವಿಲ್ಬರ್ಟ್ ಪ್ಲಗ್ಗು ಬಿಚ್ಚಿದ. ಒಣಗಿತ್ತು. ಪೆಟ್ರೋಲ್ ಮೇಲೆ ಬರುತ್ತಿಲ್ಲ. ಟ್ಯಾಂಕಿನ ತಳದಲ್ಲಿ ಸೇರಿದ ನೀರು ಪೆಟ್ರೋಲ್ ಕೊಳವೆಯಲ್ಲಿ ಮಂಜುಗಡ್ಡೆಯಾಗಿ ಕೂತಿದೆ ಎಂದು ಅವನು ಹೇಳಿದ. ಅದು ಸರಿಯಾದ ತೀರ್ಮಾನವೇ. ಇದಕ್ಕೆ ಮೂಗು ಬೇಕಾಗಿರಲಿಲ್ಲ.

"ಯಂತ್ರ ಬೆಚ್ಚಗೆ ನಿಂತಿರ್ಲಿ ಸ್ವಲ್ಪ ಹೊತ್ತು. ಗಡ್ಡೆ ಕರಗಲಿ, ಆಮೇಲೆ ಬಿಚ್ತೀನಿ," ಎಂದು ಅವನು ಒಂದು ಗರಗಸದ ಸರಪಳಿ ಮಸೆಯಲು ಕೂತ. ರಾಯ್ ಮನೆಗೆ ಹೋದ.

ಚಳಿಗಾಲದಲ್ಲಿ ಆ ಕೋಣೆಯ ನೆಲ ಒಣಗಿದ್ದನ್ನು ನಾನು ಕಂಡಿಲ್ಲ. ಹೊರಗಿಂದ ಬಂದ ಯಂತ್ರದ ಚಕ್ರಕ್ಕೆ, ಅಡಿಗೆ ಹಿಮ ಮೆತ್ತಿರುತ್ತದೆ. ಬಿಸಿಗೆ ಅದು ಕರಗಿ ಕೆಳಗೆ ಮಡುವಾಗಿ, ನಡುವಿನ ಚರಂಡಿ ಕಿಂಡಿಯ ಕಡೆಗೆ ಹರಿಯುತ್ತದೆ. ಇಲ್ಲಿ ಯಂತ್ರದ ಕೆಳಗೆ ನೀರು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅಂದು ವಿಲ್ಬರ್ಟನೂ ನೋಡಲಿಲ್ಲ. ಕೊಳವೆಯ ಮಂಜುಗಡ್ಡೆ ಕರಗುತ್ತಲೇ ಪೆಟ್ರೋಲ್ ಕಾರ್ಬೊರೇಟರಿಗೆ ನುಗ್ಗಿತು. ಅಲ್ಲಿ ಅದನ್ನು ತಡೆಯಬೇಕಿದ್ದ ಸೂಜಿಗೆ ತುಕ್ಕಿನ ಚೂರೊಂದು ಸಿಕ್ಕಿಕೊಂಡಿತ್ತು. ಸೂಜಿ ಮುಚ್ಚಲಿಲ್ಲ. ಪೆಟ್ರೋಲ್ ತುಂಬಿ, ಉಕ್ಕಿ, ಹಿಮದ ನೀರಿನ ಜೊತೆಗೇ ತೊಟ್ಟಿಕ್ಕಿ, ಅದರ ಮೇಲೆ ತೇಲಿಕೊಂಡು ಚರಂಡಿಯ ಕಡೆಗೆ ಹೊರಟಿತು. ಕಬ್ಬಿಣದ ಒಲೆಯನ್ನು ವಿಲ್ಬರ್ಟ್ ಹೂಡಿದ್ದು ಚರಂಡಿಯ ಆಚೆ ಪಕ್ಕದಲ್ಲಿ.

ಸೆಲ್ಮಾ ಕಾಫಿ ತಂದು ಬಾಗಿಲು ತೆರೆದಳು. ಹೊಸ್ತಿಲಲ್ಲಿ ಉಸಿರೆಳೆದಳು. ಎಳೆದ ಉಸಿರನ್ನು ಹಾಗೇ ಹಿಡಿದುಕೊಂಡೆ ಎಂದು ಅವಳು ಆಮೇಲೆ ಹೇಳಿದಳು, ಬಿಟ್ಟರೂ ಏನಾದರೂ ಹೊತ್ತಿಕೊಂಡೀತು ಎಂಬಂತೆ.

"ವಿಲ್ಬರ್ಟ್, ಹೊರಗೆ ಬಾ."

"ಏನು?"

"ಕೈಲಿರೋದನ್ನ ಹಾಗೇ ಬಿಡು. ಕಬ್ಬಿಣ ಮುಟ್ಬೇಡ. ಬಾ."

"ಸರಪಳೀಲಿ ಇನ್ನೊಂದು ನಾಲ್ಕು ಹಲ್ಲು ಉಳಿದಿದೆ ಕಣೇ."

"ನೆಲ ನೋಡು."

ಅವನು ನೋಡಿದ. "ಹಿಮದ ನೀರು," ಎಂದ.

ಅವಳು ಕಪ್ಪನ್ನು ಹೊರಗೆ ಹಿಮದಲ್ಲಿಟ್ಟು ಒಳಗೆ ಹೋದಳು. ಅವಳು ಕಿರುಚಲಿಲ್ಲ. ಅವನ ಅಂಗಿಯ ಹೆಗಲನ್ನು ಹಿಡಿದು ಎಬ್ಬಿಸಿದಳು. ಅವನು ಏಳುತ್ತಾ, "ಇರು, ಒಲೆಯ ಗಾಳಿಕಿಂಡಿ ಮುಚ್ತೀನಿ," ಎಂದು ಆ ಕಡೆ ಹೆಜ್ಜೆ ಇಟ್ಟ. ಅವಳು ಅಂಗಿ ಬಿಡಲಿಲ್ಲ. ಬಟ್ಟೆ ಚರ್ರನೆ ಹರಿಯಿತು. ಇನ್ನೊಂದು ಕೈಯಿಂದ ಅವನ ತೋಳು ಹಿಡಿದು ಹೊರಗೆಳೆದಳು. ಕಬ್ಬಿಣದ ಚಿಲಕ ತಾಗಿ ಕಿಡಿ ಹಾರದಂತೆ ದೊಡ್ಡ ಮರದ ಬಾಗಿಲನ್ನು ಎರಡು ಕಡೆಗೂ ತಳ್ಳಿ ತೆರೆದಳು. ಸರೋವರದ ಗಾಳಿ ಒಳಗೆ ನುಗ್ಗಿತು.

ನನ್ನ ಕಿಟಕಿಗೆ ಅವರ ಮನೆಯ ಪಕ್ಕದಿಂದ ಹಿತ್ತಲು ಕಾಣುತ್ತದೆ, ನಾನು ಕಂಡದ್ದು ಇದನ್ನು. ಕೋಟಿಲ್ಲದ ಇಬ್ಬರು ಮುದುಕರು ಹಿಮದಲ್ಲಿ ನಿಂತು, ಬಾಗಿಲು ತೆರೆದಿದ್ದ ಕೋಣೆಯನ್ನು ನೋಡುತ್ತಿದ್ದರು. ಒಬ್ಬನ ಅಂಗಿಗೆ ಒಂದು ತೋಳಿರಲಿಲ್ಲ. ನಾನು ಸಿಕ್ಕಿದ ಎರಡು ಕಂಬಳಿ ತೆಗೆದುಕೊಂಡು ಹೋದೆ. ರಸ್ತೆಯ ಅಂಚಿನಲ್ಲೇ ನನಗೂ ವಾಸನೆ ಬಂತು.

"ರಾಯ್‌ಗೆ ಫೋನ್ ಮಾಡ್ತೀನಿ," ಎಂದೆ.

"ಬೇಡ," ಎಂದ ವಿಲ್ಬರ್ಟ್. "ಏನೂ ಆಗಿಲ್ಲ. ಒಲೆ ತಾನಾಗೇ ಆರುತ್ತೆ."

"ಮಾಡಿ," ಎಂದಳು ಸೆಲ್ಮಾ.

ನಾನು ಮಾಡಿದೆ. ಆಮೇಲೆ ಕಾಯಬೇಕಾಯಿತು. ಒಳಗೆ ಒಲೆಯ ಬಾಗಿಲಿನ ಸೀಳಿನಲ್ಲಿ ಕೆಂಪು ಗೆರೆ ಕಾಣುತ್ತಿತ್ತು. ಅದು ಒಮ್ಮೆ ಮಂಕಾಗುತ್ತಿತ್ತು, ಗಾಳಿ ಬೀಸಿದಾಗ ಮತ್ತೆ ಬೆಳಗುತ್ತಿತ್ತು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ಒಳಗೆ ಒಂದು ಸೌದೆ ಮುರಿದು ಬಿದ್ದ ಸದ್ದಾಯಿತು. ಮೂವರೂ ಹಿಂದಕ್ಕೆ ಸರಿದೆವು. ಏನೂ ಆಗಲಿಲ್ಲ. ಸೆಲ್ಮಾ ಕಂಬಳಿಯನ್ನು ಹೊದೆಯದೆ ಕೈಯಲ್ಲೇ ಹಿಡಿದಿದ್ದಳು. ಅವಳು ಹಿಮದಲ್ಲಿಟ್ಟಿದ್ದ ಕಾಫಿಯ ಮೇಲೆ ತೆಳ್ಳಗೆ ಗಡ್ಡೆ ಕಟ್ಟಿತು.

"ಹಿಮದ ನೀರು ಅದು," ಎಂದು ವಿಲ್ಬರ್ಟ್ ಮತ್ತೆ ಹೇಳಿದ.

ರಾಯ್ ಬಂದ. ಬಾಗಿಲ ಬಳಿ ಮೂಗು ಚಾಚಿ, ಹಿಂದೆ ಸರಿದು, "ನಿಮ್ಮಪ್ಪನ ಪುಣ್ಯ ಕಣೋ," ಎಂದ. ನಮ್ಮೊಂದಿಗೇ ನಿಂತು ಕಾದ. ಒಲೆ ಪೂರ್ತಿ ಕಪ್ಪಗಾಗಿ, ಒಳಗಿನ ಗಾಳಿ ತಿಳಿಯಾದ ಮೇಲೆ ಮೊದಲು ಯಂತ್ರವನ್ನು ಹಿಮಕ್ಕೆ ಎಳೆದು ಹಾಕಿದ. ನೆಲದ ಮೇಲಿದ್ದುದನ್ನು ಬಟ್ಟೆಯಿಂದ ಹೀರಿಸಿ ಬಕೆಟಿಗೆ ಹಿಂಡಿದ. ಬಕೆಟ್ ತುಂಬಾ ತಿಳಿ ನೀರಿನಂತೆಯೇ ಕಾಣುತ್ತಿತ್ತು. ವಿಲ್ಬರ್ಟ್ ಬಗ್ಗಿ ಅದನ್ನು ಮೂಸಿದ. ಎಲ್ಲರೆದುರು, ಕಣ್ಣು ಮುಚ್ಚಿ, ಎಂದಿನಂತೆಯೇ ಮೂಸಿದ. ಆಮೇಲೆ ಕಣ್ಣು ತೆರೆದು ಬಕೆಟಿನ ಒಳಗೇ ನೋಡುತ್ತಾ ನಿಂತ.

"ಹಚ್ಚಿ ನೋಡು," ಎಂದ.

"ಏನಕ್ಕೋ? ನಾವೆಲ್ಲ ಹೇಳ್ತಿದ್ದೀವಲ್ಲ."

"ನೀವು ಹೇಳ್ತೀರಿ. ನನಗೆ ಕಾಣ್ಬೇಕು. ದೂರ ತಗೊಂಡ್ಹೋಗಿ ಹಚ್ಚು."

ರಾಯ್ ನನ್ನ ಕಡೆ ನೋಡಿದ. "ಟೀಚರ್, ನೀವು ಆಚೆ ಹೋಗಿ," ಎಂದ. ನಾನು ಹೋಗಲಿಲ್ಲ. ಅವನು ಬಯಲಿನ ನಡುವಿಗೆ ಹೋಗಿ ಒಂದು ಲೋಟದಷ್ಟನ್ನು ಮಾತ್ರ ಗಟ್ಟಿ ಹಿಮದ ಮೇಲೆ ಚೆಲ್ಲಿ, ಉದ್ದನೆಯ ಕೋಲಿನ ತುದಿಗೆ ಚಿಂದಿ ಸುತ್ತಿ ಹೊತ್ತಿಸಿ ಚಾಚಿದ. ಕೋಲು ಇನ್ನೂ ಮುಟ್ಟಿರಲಿಲ್ಲ. ಭುಗ್ ಎಂದು ಎದ್ದ ಉರಿ ರಾಯ್‌ನ ಎದೆಯ ಎತ್ತರಕ್ಕೆ ನಿಂತಿತು. ಅವನು ಕೋಲು ಬಿಟ್ಟು ಕೂತುಬಿಟ್ಟ. ಹಿಮದ ಮೇಲೆ, ನೀರಿನ ಮೇಲೆ, ಉರಿ ಓಡಾಡಿತು. ಸೆಲ್ಮಾ ಉರಿಯನ್ನು ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

ಅದು ಆರಿದ ಮೇಲೆ ವಿಲ್ಬರ್ಟ್, "ನವೆಂಬರ್‌ನಿಂದ ಏನೂ ಇಲ್ಲ," ಎಂದ. "ಕಾಫಿನೂ ಇಲ್ಲ, ಪೆಟ್ರೋಲೂ ಇಲ್ಲ. ಬರೀ ಬಿಸಿ, ತಣ್ಣಗೆ ಅಷ್ಟೇ."

"ಗೊತ್ತು," ಎಂದಳು ಸೆಲ್ಮಾ.

"ಯಾವಾಗಿಂದ?"

"ಜೂನ್ ತಿಂಗಳಿಂದ."

ಅವನಿಗೆ ಅರ್ಥವಾಗಲಿಲ್ಲ. ಅವಳು ಹೆರಿಂಗ್ ಮೀನಿನ ಕಥೆ ಹೇಳಿದಳು. ರೆಪ್ಪೆಯ ಕೂದಲು ಅರ್ಧ ಸುಟ್ಟಿದ್ದ ರಾಯ್ ಹಿಮದಲ್ಲಿ ಕೂತಲ್ಲೇ ನಕ್ಕ. "ಮೀನಲ್ಲಿ ಮೈ ಉಜ್ಜಿಕೊಂಡ್ಯೇನೋ! ಅದಕ್ಕೇ ನಮ್ಮ ಬೆಕ್ಕು ನಿನ್ನ ಹಿಂದೆ ಬರ್ತಿತ್ತು." ಸೆಲ್ಮಾ ನಗಲಿಲ್ಲ. ವಿಲ್ಬರ್ಟನೂ ನಗಲಿಲ್ಲ.

ಒಲೆಯನ್ನು ಅಂದೇ ಹೊರಗೆ ಹಾಕಿಸಿದ್ದು ಸೆಲ್ಮಾ. ಕೊಳವೆಯ ತೂತಿಗೆ ಹಲಗೆ ಹೊಡೆಸಿದಳು. ಒಲೆ ತುಂಬಾ ಭಾರ, ರಾಯ್ ಮತ್ತು ವಿಲ್ಬರ್ಟ್ ಸೇರಿ ಅದನ್ನು ಕೋಣೆಯ ಹಿಂಬದಿಯವರೆಗೆ ಮಾತ್ರ ಉರುಳಿಸಿದರು. ಹಿಮ ಕರಗಿದ ಮೇಲೆ ಸಾಗಿಸುವುದೆಂದು ಮಾತಾಯಿತು.

ಈಗ ವಿಲ್ಬರ್ಟ್ ಕೆಲಸ ಮಾಡುವುದು ಸೌನಾ ಕಾದ ದಿನಗಳಲ್ಲಿ, ಗೋಡೆ ಬೆಚ್ಚಗಿರುವಷ್ಟು ಹೊತ್ತು. ಬೆಳಿಗ್ಗೆ ಸೆಲ್ಮಾ ಮೊದಲು ಒಳಗೆ ಹೋಗಿ, ಯಂತ್ರಗಳ ನಡುವೆ ಒಮ್ಮೆ ನಡೆದಾಡಿ ಬರುತ್ತಾಳೆ. ಅವಳು ಹೂಂ ಎಂದ ಮೇಲೆ ಅವನು ಹೋಗುತ್ತಾನೆ. ಮೊದಲ ವಾರ ಅವನು ಇದಕ್ಕೆ ಸಿಡುಕಿದ. ಯಂತ್ರ ತಂದವರು ತಾವೇ ಟ್ಯಾಂಕಿಗೆ ಮೂಗಿಟ್ಟು ಹೇಳಬೇಕು. ಹೋದ ತಿಂಗಳು ನನ್ನ ಯಂತ್ರ ಒಯ್ದಾಗ ನನ್ನನ್ನೂ ಬಿಡಲಿಲ್ಲ.

"ಹೇಗಿದೆ?" ಎಂದು ಕೇಳಿದ.

"ಪೆಟ್ರೋಲ್ ಥರ ಇದೆ," ಎಂದೆ.

"ರಸಾಯನಶಾಸ್ತ್ರ ಕಲಿಸಿದ್ರಂತೆ ನೀವು. ಹಳೇದೋ ಹೊಸದೋ?"

ನಾನು ಇನ್ನೊಮ್ಮೆ ಮೂಸಿ ಹಳೆಯದೆಂದೆ. ಅವನು ನನ್ನ ಮಾತು ನಂಬದೆ ಸೆಲ್ಮಾಳನ್ನು ಕರೆದ. ಅವಳೂ ಹಳೆಯದೆಂದ ಮೇಲೆ ಟ್ಯಾಂಕ್ ಬಗ್ಗಿಸಿದ.

ಊರಿನವರಿಗೆ ಇದು ತಮಾಷೆಯಾಗಿದೆ. ಕೆಲವರು ಯಂತ್ರಗಳನ್ನು ಪಟ್ಟಣಕ್ಕೆ ಒಯ್ಯುತ್ತಾರೆ, ವಾರದಲ್ಲಿ ಎರಡು ದಿನದ ಕೆಲಸಕ್ಕಾಗಿ ಕಾಯಲು ಅವರಿಗೆ ಪುರುಸೊತ್ತಿಲ್ಲ. ಮಂಗಳವಾರ, ಶುಕ್ರವಾರಗಳಂದು ವಿಲ್ಬರ್ಟ್ ಅಡುಗೆಮನೆಯಲ್ಲಿ ಕೂತು ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ಹಿತ್ತಲಿನ ಕಡೆ ನೋಡುತ್ತಾನೆ. ಆ ದಿನಗಳಲ್ಲಿ ಸೆಲ್ಮಾಗೆ ಹೆಚ್ಚು ಭಯ. ತೂತಿನ ಹಲಗೆಗೆ ಹೊಡೆದದ್ದು ನಾಲ್ಕೇ ಮೊಳೆ, ರಾಯ್‌ನಂಥ ಗೆಳೆಯ ಕರೆದರೆ ಬಂದು ಭಾರ ಎತ್ತುವವನು, ಗಂಡನ ಹಟ ಎಂಥದೆಂದು ಅವಳಿಗೆ ಗೊತ್ತು.

ಹಾಗಾಗಿ ಅವಳು ಬೆಳಿಗ್ಗೆ ಎದ್ದ ಕೂಡಲೇ ಬೂಟು ಹಾಕಿಕೊಂಡು ಕೋಣೆಯ ಹಿಂಬದಿಗೆ ಹೋಗಿ ಬರುತ್ತಾಳೆ. ಅಲ್ಲಿ ಮಗುಚಿ ಬಿದ್ದ ಒಲೆಯ ಮೇಲೆ ಹಿಮ ಸೊಂಟದೆತ್ತರ ಕೂತಿದೆ. ಯಾರೂ ಮುಟ್ಟಿದ ಗುರುತಿಲ್ಲದಿದ್ದರೆ ವಾಪಸ್ ಬಂದು ಕಾಫಿ ಇಡುತ್ತಾಳೆ. ಈಗ ಮಾರ್ಚ್ ಕೊನೆ. ಮಧ್ಯಾಹ್ನದ ಬಿಸಿಲಿಗೆ ಹಿಮ ತಗ್ಗತೊಡಗಿದೆ, ಒಲೆಯ ಒಂದು ಕಾಲು ಹೊರಗೆ ಕಾಣುತ್ತಿದೆ. ನಿನ್ನೆ ಅವಳು ನನ್ನ ಸಲಿಕೆ ಕೇಳಿ ಒಯ್ದು ಅದರ ಮೇಲೆ ಮತ್ತೆ ಹಿಮ ಎಳೆದು ಹಾಕಿದಳು.